ಇದು ಕೃತಜ್ಞತೆ ಅಲ್ಲ, ಬಿಲ್

ಗೆಳೆಯರೇ,

ನಿಮ್ಮ ‘ನಮ್ಮ ನಾಡು, ನಮ್ಮ ಪ್ರಾರ್ಥನೆ’ ಲೇಖನ ತಲುಪಿತು. ನಮ್ಮ ಪತ್ರಿಕೆಯ ಕ್ರಿಸ್ಮಸ್ ಸಂಚಿಕೆಗೆ ಆಗಬಹುದೇ ಎಂದು ಕೇಳಿದ್ದೀರಿ. ಈಗಿರುವ ಹಾಗೆ ಆಗುವುದಿಲ್ಲ. ಸಾಮಾನ್ಯವಾಗಿ ಎರಡು ಸಾಲಲ್ಲಿ ಇದನ್ನು ಹೇಳಿ ಮುಗಿಸುತ್ತೇನೆ. ನಿಮಗೆ ಉದ್ದಕ್ಕೆ ಬರೆಯುತ್ತಿದ್ದೇನೆ, ಏಕೆಂದರೆ ಐದನೇ ಪುಟದಲ್ಲಿ ಒಂದು ಒಳ್ಳೆಯ ಬರಹ ಅಡಗಿ ಕೂತಿದೆ.

ಕ್ರೈಸ್ತ ನಂಬಿಕೆ ದೇಶಕ್ಕೆ ಏನು ಕೊಟ್ಟಿತು, ಅದಕ್ಕಾಗಿ ದೇವರಿಗೆ ಹೇಗೆ ಕೃತಜ್ಞರಾಗಿರಬೇಕು ಎನ್ನುವುದು ನಿಮ್ಮ ವಿಷಯ. ಆರು ಪುಟಗಳಲ್ಲಿ ನಾಲ್ಕು ಬರೀ ಪಟ್ಟಿ. ಅಚ್ಚುಕೂಟ, ಪತ್ರಿಕೆ, ನಿಘಂಟು, ಹೆಂಚಿನ ಕಾರ್ಖಾನೆ, ಶಾಲೆ, ಆಸ್ಪತ್ರೆ. ನಾವು ಕೊಟ್ಟೆವು, ನಾವು ಕೊಟ್ಟೆವು. ಇದನ್ನು ಓದಿದವರಿಗೆ ನೀವು ಬಾಕಿ ವಸೂಲಿಗೆ ಬಂದಿದ್ದೀರಿ ಅನ್ನಿಸುತ್ತದೆ ಮಾರಾಯ್ರೆ. ಕೃತಜ್ಞತೆ ಇರುವವರು ತಮಗೆ ಸಿಕ್ಕಿದ್ದನ್ನು ಎಣಿಸುತ್ತಾರೆ, ಅಲ್ವಾ? ನಿಮ್ಮ ನಾಲ್ಕು ಪುಟಗಳಲ್ಲಿ ಯಾರೂ ಯಾರಿಂದಲೂ ಏನನ್ನೂ ಪಡೆದಿಲ್ಲ.

ಬಿಲ್‌ನಲ್ಲಿ ತಪ್ಪುಗಳೂ ಇವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದು ನಿಘಂಟಿನ ಕಿಟೆಲ್ ಎಂದಿದ್ದೀರಿ. 1843ರ ಜುಲೈ 1ರಂದು ಅದನ್ನು ಹೊರತಂದವರು ಹರ್ಮನ್ ಮೊಗ್ಲಿಂಗ್. ಕಿಟೆಲ್ ಇಲ್ಲಿಗೆ ಬಂದದ್ದೇ 1853ರಲ್ಲಿ. ಇನ್ನು, ನಿಮ್ಮದು ಕೇರಳದ ಕಾಸರಗೋಡಿನ ಬೇಳದ ಹತ್ತಿರದ ಕೊಂಕಣಿ ಕೆಥೋಲಿಕ ಮನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು, ಅಂದರೆ ಮೊಗ್ಲಿಂಗ್, ಕಿಟೆಲ್ ಅವರ ಬಳಗ, ಪ್ರೊಟೆಸ್ಟೆಂಟರು. ಅವರ ಪ್ರೆಸ್ಸು, ಅವರ ಹೆಂಚು ಎಲ್ಲವನ್ನೂ ‘ನಾವು’ ಅನ್ನುವ ಒಂದೇ ಪದದಲ್ಲಿ ತುಂಬಿಸಿಬಿಟ್ಟಿದ್ದೀರಿ. ನಿಮ್ಮ ಮುತ್ತಜ್ಜ ಕೇಳಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ.

ಕಿಟೆಲ್‌ರನ್ನು ಬಿಡುವುದು ಬೇಡ, ಆದರೆ ಪೂರ್ತಿ ಹೇಳಿ. 1894ರಲ್ಲಿ ನಿಘಂಟು ಬರುವ ಮೊದಲೇ ಅವರು 13ನೇ ಶತಮಾನದ ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿ ಅಚ್ಚು ಹಾಕಿದ್ದರು, ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಹಾಕಿದ್ದರು. ಅಷ್ಟು ಕನ್ನಡವನ್ನು ಅವರು ಮೊದಲು ಪಡೆದುಕೊಂಡರು. ನಿಮ್ಮ ಸಮುದಾಯದ ಕಥೆಯೂ ಹಾಗೇ. ಗೋವಾದಿಂದ ಬಂದ ನಿಮ್ಮ ಹಿರಿಯರಿಗೆ ಕೆಳದಿಯ ಅರಸರು ಉಳುಮೆಗೆ ಭೂಮಿ ಕೊಟ್ಟರು. ಕೃತಜ್ಞತೆಯ ಲೇಖನದಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಇಲ್ಲವೇ?

ಎಲ್ಲಕ್ಕಿಂತ ಆಶ್ಚರ್ಯ ಮಂಜೇಶ್ವರ ಗೋವಿಂದ ಪೈಗಳು ಇಲ್ಲದಿರುವುದು. ನಿಮ್ಮ ತಾಲೂಕಿನ ಪಕ್ಕದಲ್ಲೇ ಕೂತು, ಮನೆಯಲ್ಲಿ ನಿಮ್ಮ ಹಾಗೇ ಕೊಂಕಣಿ ಆಡುತ್ತಿದ್ದ ಹಿಂದೂ ಕವಿ, ಯೇಸುವಿನ ಕಡೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು. ನೀವು ನಾಲ್ಕು ಪುಟ ಹುಡುಕಿದ ‘ನಾಡಿನ ಪರಂಪರೆ’ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಸಿಗುತ್ತದೆ? ಮೊದಲು ಅದನ್ನು ಓದಿ. ಓದಿದ ಮೇಲೆ ನಿಮ್ಮ ಪಟ್ಟಿ ತಾನಾಗೇ ಚಿಕ್ಕದಾಗುತ್ತದೆ.

ಸಂವಿಧಾನ ದೇವರ ಹೆಸರಿನಿಂದ ಶುರುವಾಗುತ್ತದೆ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಶುರುವಾಗುವುದು ‘ಭಾರತದ ಜನತೆಯಾದ ನಾವು’ ಎಂದು. ದೇವರ ಹೆಸರು ಸೇರಿಸೋಣ ಎಂದು 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದವರು ಎಚ್. ವಿ. ಕಾಮತ್. ಹುಟ್ಟಿದ್ದು ಮಂಗಳೂರಿನಲ್ಲಿ, ನೋಡಿ! ಪರವಾಗಿ 41 ಮತ, ವಿರುದ್ಧ 68. ಸೋತಿತು. ಲಿಂಕನ್ ಮೇಲಿನ ಎರಡು ಪ್ಯಾರಾ ಬೇಡ. 1863ರಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗಲೇ ಆತ ಥ್ಯಾಂಕ್ಸ್‌ಗಿವಿಂಗ್ ದಿನ ಘೋಷಿಸಿದ್ದು ನಿಜ, ದೊಡ್ಡ ವಿಷಯವೂ ಹೌದು. ಆದರೆ ಅದು ಅಮೆರಿಕದ ಕಥೆ. ನಿಮ್ಮಲ್ಲೇ ಹೊಸ ತೆನೆಯ ಮೊಂತಿ ಹಬ್ಬ ಇರುವಾಗ ಅಲ್ಲಿಂದ ಸಾಲ ಯಾಕೆ?

ಈಗ ಐದನೇ ಪುಟ. ಸೆಪ್ಟೆಂಬರ್ 8, ಮೊಂತಿ ಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆ ಮರಿಯಳಿಗೆ ಅರ್ಪಿಸುತ್ತಾರೆ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ನಾಲ್ಕು ಕಾಳು ಬೆರೆಸಿದ ಪಾಯಸ, ಮೀನು ಮಾಂಸ ಇಲ್ಲದ ಊಟ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನೀವು ಮಾತ್ರ ನಡುವೆ ಅರ್ಧ ಸಾಲು ಬೀಳಿಸಿದ್ದೀರಿ: ‘ನಮ್ಮ ಗದ್ದೆ ಈಗ ಅಡಿಕೆ ತೋಟ, ಹಾಗಾಗಿ ತೆನೆ ಆಚೆ ಮನೆಯವರ ಗದ್ದೆಯಿಂದ.’

ಅಲ್ಲೇ ನಿಲ್ಲಿ. ಆ ಆಚೆ ಮನೆಯವರು ಯಾರು? ಹೋಗಿ ಕೇಳುವುದು ನೀವಾ, ಅವರೇ ಕೊಯ್ದು ಕೊಡುತ್ತಾರಾ? ಅವರೂ ಅದೇ ಏಣೆಲು (ಮಳೆಗಾಲದ ಭತ್ತ) ಬೆಳೆಯ ತೆನೆಯನ್ನು ಮನೆಯಲ್ಲಿ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರಲ್ಲ, ಅದು ನಿಮ್ಮ ಹಬ್ಬಕ್ಕೆ ಮೊದಲೋ ಆಮೇಲೋ? ಪಾಯಸ ಅಲ್ಲಿಗೆ ಹೋಗುತ್ತದಾ? ಆ ಗದ್ದೆಗೂ ಅಡಿಕೆ ಸಸಿ ಬಂದರೆ ಮುಂದಿನ ವರ್ಷ ಏನು ಮಾಡುತ್ತೀರಿ? ಇದನ್ನೆಲ್ಲ ನಿಮ್ಮನ್ನು ಬಿಟ್ಟು ಬೇರೆಯವರು ಬರೆಯಲು ಸಾಧ್ಯವಿಲ್ಲ.

ಅದೇ ಪುಟದ ಕೊನೆಗೆ ಅಜ್ಜಿಯ ಪ್ರಾರ್ಥನೆ ಇದೆ. ಸಂಜೆ ತೆರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಅವರು ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳುತ್ತಾರೆ. ಡೈರಿಗೆ ಹಾಲು ಒಯ್ಯುವ ಹುಡುಗ, ಕಾಲು ಮುರಿದುಕೊಂಡ ಆಟೋದವರು, ವಿಲೇಜ್ ಆಫೀಸಿನಲ್ಲಿ ಮಲಯಾಳದ ಅರ್ಜಿ ತುಂಬಿಸಿಕೊಟ್ಟ ಟೀಚರ್. ಅರ್ಧಕ್ಕರ್ಧ ಹೆಸರುಗಳು ಇಗರ್ಜಿಗೆ ಬರುವವರದಲ್ಲ. ನಿಮ್ಮ ನಾಲ್ಕು ಪುಟದ ಪಟ್ಟಿಗಿಂತ ಅಜ್ಜಿಯ ಪಟ್ಟಿ ನನಗೆ ಜಾಸ್ತಿ ಇಷ್ಟವಾಯಿತು. ಅದಕ್ಕೆ ‘ಅಪಾರ’, ‘ಅನಂತ’, ‘ದಿವ್ಯ’ ಅಂತ ಸುಮ್ನೆ ಅಲಂಕಾರ ಮಾಡಬೇಡಿ. ಅವರು ಹೇಳಿದ ಹಾಗೇ ಇಡಿ, ಜನರ ಹೆಸರು ಮಾತ್ರ ಬದಲಿಸಿ.

ಒಂದು ವಿಷಯ ಸೇರಿಸಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದರೂ 1890ರ ನಿಮ್ಮ ಬೇಳದ ಇಗರ್ಜಿ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇದೆ. ಬೆಂಗಳೂರಿನ ಓದುಗರಿಗೆ ಇದು ಗೊತ್ತಿರುವುದಿಲ್ಲ. ಹೇಳದಿದ್ದರೆ ಪ್ರಾರ್ಥನೆಗೆ ಕೊಂಕಣಿ, ಗದ್ದೆಗೆ ತುಳು, ಶಾಲೆಗೆ ಕನ್ನಡ, ಆಫೀಸಿಗೆ ಮಲಯಾಳ ಯಾಕೆ ಎಂದು ಅವರು ಗೊಂದಲಪಡುತ್ತಾರೆ.

ಕ್ರಿಸ್ಮಸ್ ಸಂಚಿಕೆಯನ್ನು ಮರೆತುಬಿಡಿ. ಇದು ಸೆಪ್ಟೆಂಬರಿಗೆ ಸೇರಿದ ಬರಹ. ಆಚೆ ಮನೆಗೆ ಹೋಗಿ ಕೂತು ಮಾತಾಡಿ ಬಂದು, ಜುಲೈ ಕೊನೆಯೊಳಗೆ ಕಳಿಸಿ. ಮೂರು ಪುಟ ಸಾಕು. ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ.