ಪರದೆಗೆ ಮೊದಲು ಬಿಲ್ಲಿನ ದಾರಿ ಬರೆಯಿರಿ

ಪ್ರಶ್ನೆ: ನಾನು ಲೆಕ್ಕ ವಿಭಾಗದವಳು. ನಮ್ಮ ಬಿಲ್ ಪಾವತಿ ಕೆಲಸವನ್ನು ಕಂಪ್ಯೂಟರಿಗೆ ತರುವ ಹೊಣೆ ನನ್ನ ಪಾಲಿಗೆ ಬಂದಿದೆ. ಈಗಿನ ಫಾರಂಗಳನ್ನೇ ಪರದೆಗೆ ಇಳಿಸಿದರೆ ಸಾಕು ಎಂದು ಸಾಹೇಬರು ಹೇಳುತ್ತಾರೆ. ಮೊದಲು ಪರಿಕಲ್ಪನಾ ಮಾದರಿ ಬೇಕು ಎಂದು ಸಾಫ್ಟ್‌ವೇರಿನವರು. ಅದು ನಿಜಕ್ಕೂ ಬೇಕೇ?

ಉತ್ತರ: ಬೇಕು ತಾಯಿ. ಪರಿಕಲ್ಪನಾ ಮಾದರಿ ಎಂದರೆ ಪರದೆ ಮಾಡುವ ಮೊದಲೇ ಕೆಲಸದಲ್ಲಿ ಏನೇನಿದೆ, ಅದು ಹೇಗೆ ಸಾಗುತ್ತದೆ ಎಂದು ತೋರಿಸುವ ಚಿತ್ರ. ಅದನ್ನು ಬರೆಯುವಾಗ ನೀವು ಪಕ್ಕದಲ್ಲೇ ಕೂತಿರಬೇಕು. ಫಾರಂ ನೋಡಿದರೆ ಯಾವ ಖಾನೆಯಲ್ಲಿ ಏನು ತುಂಬಬೇಕೆಂದು ಗೊತ್ತಾಗುತ್ತದೆ. ಬಿಲ್ಲು ಯಾರ ಮೇಜಿನ ಮೇಲೆ ನಿಂತಿತು, ಏಕೆ ವಾಪಸು ಬಂತು ಎಂಬುದು ಗೊತ್ತಾಗುವುದಿಲ್ಲ.

ಎರಡು ಬಗೆಯ ಚಿತ್ರ ಬೇಕಾಗುತ್ತದೆ. ಒಂದು, 1976ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ ಮುಂದಿಟ್ಟ ಎಂಟಿಟಿ-ರಿಲೇಷನ್‌ಶಿಪ್ ಮಾದರಿ: ಬಿಲ್ಲು, ಖರೀದಿ ಆದೇಶ, ಸರಬರಾಜುದಾರ, ಇವುಗಳಿಗೆ ಒಂದಕ್ಕೊಂದು ಏನು ನಂಟು ಎಂಬುದು. ಒಂದು ಆದೇಶಕ್ಕೆ ಮೂರು ಕಂತಿನಲ್ಲಿ ಮಾಲು ಬಂದು ಮೂರು ಬಿಲ್ಲು ಬರಬಹುದೇ? ಈ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮಗೆ. ಇಲ್ಲಿ ತಪ್ಪಿದರೆ ಆಮೇಲೆ ಕಂಪ್ಯೂಟರಿನಲ್ಲಿ ಮಾಹಿತಿ ಇಡುವ ಟೇಬಲ್‌ಗಳನ್ನೇ ಒಡೆದು ಕಟ್ಟಬೇಕಾಗುತ್ತದೆ.

ಇನ್ನೊಂದು, ಕೆಲಸದ ಹರಿವು. 1970ರ ದಶಕದ ಕೊನೆಯಲ್ಲಿ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಕ್ಲಾರೆನ್ಸ್ ಎಲಿಸ್, ಗ್ಯಾರಿ ನಟ್ ಕಚೇರಿ ಕೆಲಸಕ್ಕೆಂದೇ ಇನ್ಫರ್ಮೇಷನ್ ಕಂಟ್ರೋಲ್ ನೆಟ್ ಎಂಬ ಚಿತ್ರಭಾಷೆ ಬೆಳೆಸಿದರು. ಮಾಡುವ ಕೆಲಸಕ್ಕೆ ವೃತ್ತ, ಮಾಹಿತಿ ಇಡುವ ಜಾಗಕ್ಕೆ ಚೌಕ. ಯಾವ ಕೆಲಸದ ನಂತರ ಯಾವುದು ಎಂಬುದಕ್ಕೆ ಒಂದು ಗೆರೆ, ಮಾಹಿತಿ ಎಲ್ಲಿಂದ ಎಲ್ಲಿಗೆ ಎಂಬುದಕ್ಕೆ ಬೇರೆಯದೇ ಗೆರೆ. ಈ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ನೋಡಿದ್ದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಒಂದೇ ಬಿಲ್ ನಂಬರನ್ನು ಮೂರು ಜನ ಮೂರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದದ್ದು ಈ ಚಿತ್ರದಲ್ಲೇ ಕಣ್ಣಿಗೆ ಬಿತ್ತು.

ಆದರೂ ಒಮ್ಮೆ ಎಡವಿದೆ. ಒಂದು ಖರೀದಿ ವಿಭಾಗಕ್ಕೆ ವ್ಯವಸ್ಥೆ ಮಾಡಿಕೊಟ್ಟಾಗ ಚಿತ್ರ ಅಚ್ಚುಕಟ್ಟಾಗಿತ್ತು. ಅಲ್ಲಿನ ಗುಮಾಸ್ತರು ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ‘ಫೋನ್ ಮಾಡಿದೆ, ಮಂಗಳವಾರ ಚಲನ್ ಕಳಿಸ್ತಾರೆ’ ಎಂದು ಬರೆದಿಡುತ್ತಿದ್ದರು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಿಂಗಳೊಳಗೆ ಅವರ ಮಾನಿಟರಿನ ಸುತ್ತ ಚೀಟಿಗಳು ಅಂಟಿಕೊಂಡಿದ್ದವು. ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಲೆಕ್ಕ ವಿಭಾಗದವರ ಕೆಲಸವನ್ನು ಹತ್ತಿರದಿಂದ ನೋಡಿ 1983ರಲ್ಲಿ ಬರೆದದ್ದು ಆಗ ಮನಸ್ಸಿಗೆ ನಾಟಿತು: ಕಡತದಲ್ಲಿ ಕೊನೆಗೆ ಕಾಣುವ ಕ್ರಮ ತಾನಾಗಿ ಬಂದದ್ದಲ್ಲ, ಕಾಣೆಯಾದ ಕಾಗದ ಹುಡುಕಿ, ವಿಚಾರಿಸಿ, ಹೊಂದಿಸಿ ಜನ ಆ ಕ್ರಮಕ್ಕೆ ತಂದದ್ದು.

ಹಾಗಾಗಿ ನೀವು ಹತ್ತು ಹಳೆಯ ಬಿಲ್ಲು ತೆಗೆಯಿರಿ. ಸರಾಗವಾಗಿ ಹೋದದ್ದು ಐದು ಸಾಕು, ಉಳಿದ ಐದು ಎಲ್ಲೋ ಸಿಕ್ಕಿಕೊಂಡು ಒದ್ದಾಡಿದವೇ ಆಗಿರಲಿ. ಬಿಲ್ಲು ನೋಡುವವರ ಪಕ್ಕ ಕೂತು ಒಂದೊಂದನ್ನೂ ಚಿತ್ರದ ಮೇಲೆ ಬೆರಳಿಟ್ಟು ನಡೆಸಿ. ಬೆರಳು ಮುಂದೆ ಹೋಗದೆ ನಿಂತ ಕಡೆ ‘ಇಲ್ಲಿ ಏನು ಮಾಡಿದಿರಿ?’ ಎಂದು ಕೇಳಿ, ಅವರು ಹೇಳಿದ್ದಕ್ಕೆ ಅಲ್ಲೇ ಒಂದು ವೃತ್ತ ಬರೆಯಿರಿ.