ಸೆಕೆಂಡ್ ಹ್ಯಾಂಡ್ ಬೈಕಾಲ್ ಏರ್ ಪಿಸ್ತೂಲಿಗೆ 15,000 ರೂಪಾಯಿ ಖರ್ಚು ಮಾಡಿದರೆ ಹತ್ತು ಮೀಟರ್ ಪಂದ್ಯದಲ್ಲಿ 600ಕ್ಕೆ 560 ದಾಟಬಹುದಾ? ಮೊದಲು ಏನು ಬದಲಿಸಲಿ?

ಬ್ಯಾರಲ್ ತೂಕ, ಮೂತಿಯ ಕುಲುಕಾಟ ತಗ್ಗಿಸುವ ಕಾಂಪೆನ್ಸೇಟರ್, ಗುರಿ ನೋಡೋಕೆ ಹೊಸ ಸೈಟ್, ಟ್ರಿಗರ್ ಪಾಲಿಶ್, ಕೊನೆಗೆ ಗ್ರಿಪ್, ಅಂದರೆ ಹಿಡಿ. ನಿಮ್ಮ ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಒಂದು ಕಾಲಕ್ಕೆ ಇದೇ ಪಟ್ಟಿ ಇಟ್ಟುಕೊಂಡು ಓಡಾಡುತ್ತಿದ್ದೆ. ಪಿಸ್ತೂಲೂ ಇದೇ, ಬೈಕಾಲ್ 46ಎಂ. ನಮ್ಮ ರೇಂಜಿನ ಹಿರಿಯರೊಬ್ಬರು ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನ ಪಿಸ್ತೂಲು ತಗೊಂಡಾಗ ಅವರ ಹಳೆಯದು ನನಗೆ ಬಂತು. ಅಕ್ಕಪಕ್ಕದ ಲೇನುಗಳಲ್ಲಿ ಸ್ಟೈಯರ್, ಮೊರಿನಿ, ಪಾರ್ಡಿನಿಯಂಥ ದುಬಾರಿ ಪಿಸ್ತೂಲುಗಳು. ಲಕ್ಷ ದಾಟಿದ ಬುಲೆಟ್ ಬೈಕುಗಳ ಸಾಲಿನಲ್ಲಿ ನನ್ನದೊಂದು ಲೂನಾ. ಪ್ರತಿ ಗುಂಡಿಗೂ ಕೆಳಗಿನ ಲಿವರ್ ಎಳೆದು ಗಾಳಿ ತುಂಬಬೇಕು. ಉಳಿದವರು ಸುಮ್ನೆ ಪೆಲೆಟ್ (ಸೀಸದ ಪುಟ್ಟ ಗುಂಡು) ಇಟ್ಟು ಹೊಡೀತಾರೆ.

ಆ ಕೀಳರಿಮೆಯಿಂದಲೇ ಅದನ್ನು 'ಸರಿ' ಮಾಡಲು ಹೊರಟೆ. ಗ್ರಿಪ್ಪಿನಿಂದ ಶುರು ಮಾಡಿದೆ. ಆ ಲೆಕ್ಕ ತಪ್ಪಲ್ಲ. ತಪ್ಪಿದ್ದು ಅಳತೆ.

ಮರದ ಗ್ರಿಪ್ಪನ್ನು ಒರಟು ಕಾಗದದಿಂದ ಉಜ್ಜಿ, ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಕಲಸಿ ಮೆತ್ತಿದೆ. ಕೈಗೆ ತೆಳು ಪ್ಲಾಸ್ಟಿಕ್ ಸುತ್ತಿ ಒತ್ತಿ ಹಿಡಿದೆ. ಹಿಂಬದಿ ತುಂಬಿತು, ಹೆಬ್ಬೆರಳಿನ ಕೆಳಗೆ ದಿಂಡು ಬಂತು, ಅಂಗೈ ಬುಡ ಕೂರುವ ಪಾಮ್ ಶೆಲ್ಫ್ ಅಗಲವಾಯಿತು. ಒಣಗಿದ ಮೇಲೆ ಹಿಡಿದು ನೋಡಿದರೆ ಸ್ವರ್ಗ! ಕಣ್ಣು ಮುಚ್ಚಿ ತೋಳೆತ್ತಿ, ಕಣ್ಣು ಬಿಟ್ಟರೆ ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ ನೆಟ್ಟಗೆ ಕೂತಿರುತ್ತಿತ್ತು. ಅಭ್ಯಾಸದಲ್ಲಿ ಸ್ಕೋರೂ ಏರಿತು.

ರಾಜ್ಯ ಚಾಂಪಿಯನ್‌ಶಿಪ್ಪಿನ ದಿನ ಸಲಕರಣೆ ನಿಯಮದಂತಿದೆಯಾ ಅಂತ ಪರೀಕ್ಷಿಸುವ ಇಕ್ವಿಪ್‌ಮೆಂಟ್ ಕಂಟ್ರೋಲ್ ಮೇಜಿನ ಮುಂದೆ ನಿಂತೆ. ಅಲ್ಲೊಂದು ಪೆಟ್ಟಿಗೆ ಇರುತ್ತೆ, ನೋಡಿರಬಹುದು. ಒಳ ಅಳತೆ 420 ಮಿ.ಮೀ. ಉದ್ದ, 200 ಎತ್ತರ, 50 ಅಗಲ. ಪಿಸ್ತೂಲು ಇಡಿಯಾಗಿ, ಸೈಟು ಗ್ರಿಪ್ಪು ಎಲ್ಲ ಸೇರಿ, ಅದರೊಳಗೆ ಇಳಿಯಬೇಕು. ನನ್ನದು ಇಳಿಯಲಿಲ್ಲ. "ಇದು ಹೋಗ್ತಿಲ್ಲ ಸರ್" ಅಂದರು ಮೇಜಿನ ಹಿಂದಿದ್ದವರು, ತುಂಬಾ ಮೆತ್ತಗೆ.

ನಿಯಮ ಗೊತ್ತಿರಲಿಲ್ಲ ಅಂತಲ್ಲ. 50 ಮಿ.ಮೀ. ಅನ್ನೋದು ಬಾಯಿಪಾಠವಾಗಿತ್ತು. ವರ್ನಿಯರ್ ಕ್ಯಾಲಿಪರ್ ಹಿಡಿದು ಗ್ರಿಪ್ಪಿನ ದಪ್ಪ ಇರುವ ಕಡೆಯೆಲ್ಲ ಅಳೆದಿದ್ದೆ. ಎಲ್ಲೂ 50 ದಾಟಿರಲಿಲ್ಲ. ಎಡವಟ್ಟಾಗಿದ್ದು ಇಲ್ಲಿ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬಲಗೈ ಗ್ರಿಪ್ಪಿನಲ್ಲಿ ಹೆಬ್ಬೆರಳಿನ ದಿಂಡು ಎಡಗಡೆ ಮೇಲೆ ಚಾಚಿರುತ್ತೆ, ಪಾಮ್ ಶೆಲ್ಫ್ ಬಲಗಡೆ ಕೆಳಗೆ. ಕ್ಯಾಲಿಪರ್ ಒಂದು ಸಲಕ್ಕೆ ಒಂದು ಎತ್ತರದ ದಪ್ಪ ಹೇಳುತ್ತೆ. ದಿಂಡಿನ ಹತ್ತಿರ ಅಳೆದಾಗ ಶೆಲ್ಫ್ ಲೆಕ್ಕಕ್ಕೆ ಬರಲ್ಲ, ಶೆಲ್ಫಿನ ಹತ್ತಿರ ಅಳೆದಾಗ ದಿಂಡು ಬರಲ್ಲ. ಪೆಟ್ಟಿಗೆಗೆ ಆ ಭೇದ ಇಲ್ಲ. ಅದರ ಎರಡು ಗೋಡೆ ನೆಟ್ಟಗಿರುತ್ತವೆ. ಎಡಗಡೆ ಎಲ್ಲಕ್ಕಿಂತ ಹೊರಗಿರುವ ಬಿಂದುವಿನಿಂದ ಬಲಗಡೆ ಎಲ್ಲಕ್ಕಿಂತ ಹೊರಗಿರುವ ಬಿಂದುವಿನ ತನಕ, ಒಂದು ಮೇಲಿರಲಿ ಇನ್ನೊಂದು ಕೆಳಗಿರಲಿ, 50ರೊಳಗೆ ಇರಬೇಕು. ಒಂದು ರಟ್ಟಿನ ಪೆಟ್ಟಿಗೆ ಮಾಡಿ ಮನೆಯಲ್ಲೇ ಇಳಿಸಿ ನೋಡಿದ್ದರೆ ಮುಗಿಯುತ್ತಿತ್ತು. ಕ್ಯಾಲಿಪರ್ ಇದೆಯಲ್ಲ ಅನ್ನೋ ಜಂಬ, ಅಷ್ಟೇ.

ಯಾರದೋ ಒರಟು ಅರ ಇಸ್ಕೊಂಡು ಮೂಲೆಯಲ್ಲಿ ಕೂತು ಉಜ್ಜಿದೆ. ಗಟ್ಟಿಯಾದ ಎಂ-ಸೀಲ್ ಕಲ್ಲಿನ ಥರ. ಬೇಗ ಆಗಲಿ ಅಂತ ಹೆಬ್ಬೆರಳಿನ ದಿಂಡನ್ನೇ ತೆಗೆದೆ. ಇದು ತಪ್ಪಿನ ಮೇಲೆ ತಪ್ಪು, ಶೆಲ್ಫಿನ ಅಂಚು ತೆಗೆದಿದ್ದರೆ ಕೈಗೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಪಾಸಾಯಿತು, ಆದರೆ ಹಿಡಿತ ಕೆಟ್ಟಿತು. ತೋಳೆತ್ತಿದರೆ ಮುಂದಿನ ಸೈಟ್ ಒಂದು ಪಕ್ಕಕ್ಕೆ ಜಾರಿ ನಿಲ್ಲುತ್ತಿತ್ತು. ಅದನ್ನು ಮಣಿಕಟ್ಟು ತಿರುಗಿಸಿ ನಡುವಿಗೆ ತರುತ್ತಿದ್ದೆ. 60 ಗುಂಡು, 75 ನಿಮಿಷ. ಅರ್ಧ ದಾರಿಗೆ ಮಣಿಕಟ್ಟು ಸೋತಿತು. 7, 8, ಮತ್ತೆ 7. ಆ ವರ್ಷದ ಕನಸು ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಪ್ರಶ್ನೆ. 560 ಅಂದರೆ ಗುಂಡಿಗೆ ಸರಾಸರಿ 9.33. ಹತ್ತರ ಉಂಗುರದ ವ್ಯಾಸ 11.5 ಮಿ.ಮೀ. ನಿಮ್ಮ ಬೈಕಾಲನ್ನು ಮೇಜಿಗೆ ಬಿಗಿದ ವೈಸಿಗೆ ಕಟ್ಟಿ, ಒಳ್ಳೇ ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ ಹಾಕಿ ಹೊಡೆದು ನೋಡಿ. ಗುಂಡುಗಳೆಲ್ಲ ಒಂದರ ಮೇಲೊಂದು ಬಿದ್ದು ಹತ್ತರೊಳಗೇ ಒಂದು ಹರಿದ ತೂತು ಆಗುತ್ತೆ. ಪಿಸ್ತೂಲು ಹತ್ತು ಹೊಡೀತಿದೆ. ಎಂಟು ಹೊಡೀತಿರೋದು ನಾವು. ಹಾಗಾಗಿ 'ಬಜೆಟ್ ಪಿಸ್ತೂಲು ನನ್ನನ್ನು ಹಿಂದಕ್ಕೆ ಎಳೀತಿದೆ' ಅನ್ನೋ ಮಾತನ್ನೇ ನಾನು ಒಪ್ಪಲ್ಲ. ದುಬಾರಿಯದಾದರೆ ನೆಮ್ಮದಿ ಅಂತಲೂ ಇಲ್ಲ. ಟೋಕಿಯೊ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಪಿಸ್ತೂಲು ಪಂದ್ಯದ ನಡುವೆಯೇ ಕೆಟ್ಟು ಎಷ್ಟೋ ನಿಮಿಷ ಹಾಳಾಯಿತಲ್ಲ. ಅದೇ ಮನು 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದರು. ಕೆಲವು ದುಬಾರಿ ಪಿಸ್ತೂಲುಗಳ ಹಾಗೆ ಕೆಡೋಕೆ ನಿಮ್ಮದರಲ್ಲಿ ಬ್ಯಾಟರಿಯೂ ಇಲ್ಲ, ಸರ್ಕ್ಯೂಟೂ ಇಲ್ಲ.

ಕಾಂಪೆನ್ಸೇಟರ್ ಬೇಡ. ಬ್ಯಾರಲ್ ತೂಕವೂ ಬೇಡ, ಆ ಪಿಸ್ತೂಲು ಮೊದಲೇ ಮೂತಿ ಭಾರ. 1,500 ಗ್ರಾಂ ಮಿತಿ ಇದೆ ಅಂತ ಅಲ್ಲಿತನಕ ತುಂಬಿಸಬೇಕಾಗಿಲ್ಲ. ಸೈಟ್ ಇರೋದೇ ಸಾಕು. ಹಿಂದಿನ ಸೈಟಿನ ಕಚ್ಚನ್ನು ಅಗಲ ಮಾಡಿ, ಮುಂದಿನ ಸೈಟಿನ ಎರಡೂ ಪಕ್ಕ ಬೆಳಕು ಚೆನ್ನಾಗಿ ಕಾಣಲಿ.

ಟ್ರಿಗರ್ ಒಳಗಿನ ಸಿಯರ್ (ಟ್ರಿಗರ್ ಒತ್ತುವ ತನಕ ಗುಂಡನ್ನು ತಡೆದಿಡುವ ಕೊಂಡಿ) ಪಾಲಿಶ್ ಮಾಡೋದು ಮಾತ್ರ ಖಂಡಿತ ಬೇಡ. ವಿಡಿಯೊ ನೋಡಿ ಮರಳು ಕಾಗದ ಹಿಡಿಯುವವರ ಪಿಸ್ತೂಲಿನಿಂದ ಗುಂಡು ತಾನಾಗೇ ಹಾರುವುದನ್ನು ರೇಂಜಿನಲ್ಲಿ ಕಂಡಿದ್ದೇನೆ. ಹೊರಗಿನ ಸ್ಕ್ರೂಗಳಲ್ಲೇ ಬೇಕಾದಷ್ಟು ಹೊಂದಿಸಬಹುದು. ಟ್ರಿಗರ್ ಬಿಟ್ಟುಕೊಳ್ಳದೆ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು. ಸರಿಯಾಗಿ 500ಕ್ಕೆ ಇಡಬೇಡಿ, 520–530 ಇರಲಿ. ಪಂದ್ಯ ಮುಗಿದ ಮೇಲೂ ಕರೆದು ತೂಕ ಹಾಕುತ್ತಾರೆ, ಕಮ್ಮಿ ಬಂದರೆ ಹೊಡೆದ ಸ್ಕೋರೆಲ್ಲ ಹೋಯಿತು. ಮನೆಯಲ್ಲಿ ಪರೀಕ್ಷೆಗೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಅಡುಗೆಮನೆ ತಕ್ಕಡಿಯಲ್ಲಿ ದಾರ ಸಮೇತ ಬೇಕಾದ ತೂಕಕ್ಕೆ ನೀರು ಹೊಂದಿಸಿ. ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ನೋಡಿ, ಕಾಕ್ ಮಾಡಿ (ಹೊಡೆಯಲು ಸಿದ್ಧ ಮಾಡಿ), ಮೂತಿ ಮೇಲಕ್ಕೆ ನೆಟ್ಟಗೆ ಹಿಡಿದು, ಟ್ರಿಗರಿಗೆ ಬಾಟಲಿ ತೂಗುಹಾಕಿ ಎತ್ತಿ.

15,000ದಲ್ಲಿ ಬಹುಪಾಲು ಪೆಲೆಟ್ಟಿಗೆ ಇಡಿ. ಮೊದಲು ಬೇರೆ ಬೇರೆ ತಲೆ ಅಳತೆಯ ಡಬ್ಬಿ ಒಂದೊಂದು ತಂದು ವೈಸಿನಲ್ಲಿ ಹೊಡೆದು, ಚೆನ್ನಾಗಿ ಗುಂಪಾಗುವುದನ್ನು ಒಟ್ಟಿಗೆ ಕೊಳ್ಳಿ. ದಿನಾ ಸಂಜೆ ಬಿಳಿ ಗೋಡೆಯ ಮುಂದೆ ಡ್ರೈ ಫೈರ್ (ಪೆಲೆಟ್ ಇಲ್ಲದೆ ಹೊಡೆಯುವ ಅಭ್ಯಾಸ) ಮಾಡಿ, ಅದಕ್ಕೆ ಕಾಸಿಲ್ಲ. ಲಿವರ್ ಎಳೆಯುವ ಕೆಲಸ ಎಡಗೈಗೆ ಕೊಡಿ, ಬಲ ತೋಳು ದಣಿಯಬಾರದು.

ಓ, ನೀವು ಎಡಗೈಯವರು ಅಂತ ಕೊನೆಯಲ್ಲಿ ಬರೆದಿದ್ದೀರಿ, ನಾನೀಗ ನೋಡಿದೆ. ಹಾಗಿದ್ದರೆ ಕೈಗಳನ್ನು ಅದಲುಬದಲು ಮಾಡಿ ಓದಿಕೊಳ್ಳಿ. ಬಲಗೈ ಗ್ರಿಪ್ಪಿಗೆ ಎಷ್ಟು ಮೆತ್ತಿದರೂ ಪ್ರಯೋಜನ ಇಲ್ಲ, ನಿಮಗೆ ಹೊಸದೇ ಬೇಕು. ನಮ್ಮ ರೇಂಜಿನ ಎಡಗೈ ಹುಡುಗನೊಬ್ಬ ಪರಿಚಯದ ಬಡಗಿಯಿಂದ ತೇಗದಲ್ಲಿ ಮಾಡಿಸಿಕೊಂಡ, ಚೆನ್ನಾಗೇ ಬಂದಿದೆ. ಕೆತ್ತನೆಗೆ ಮುಂಚೆ ಹಳೇ ಗ್ರಿಪ್ಪಿನ ಸ್ಕ್ರೂ ತೂತು ಯಾವ ಕೋನದಲ್ಲಿದೆ ಅಂತ ಮರದ ಮೇಲೆ ಗೆರೆ ಎಳೆಸಿ, ಮೊದಲು ಅದನ್ನೇ ಕೊರೆಸಿ. ಅದು ತಪ್ಪಿದರೆ ಮರವೂ ದಂಡ, ಮಜೂರಿಯೂ ದಂಡ.