ಗೋವಾ ಕ್ಯಾಸಿನೋದಲ್ಲಿ ಗೆದ್ದಿದ್ದು 80 ಸಾವಿರ, ಮನೆಗೆ ತಂದಿದ್ದು 6 ಸಾವಿರ, ರಿಟರ್ನ್‌ನಲ್ಲಿ ಯಾವ್ದು ತೋರಿಸ್ಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವ್ನು. ನೀವು ಹೇಳಿದ್ದು ಇಷ್ಟು: 2025ರ ಡಿಸೆಂಬರ್‌ನಲ್ಲಿ ಪಣಜಿಯ ಮಾಂಡೋವಿ ಹೊಳೆ ಮೇಲಿರೋ ಕ್ಯಾಸಿನೋ ಹಡಗಲ್ಲಿ ಸ್ಲಾಟ್ ಮಷೀನು 80 ಸಾವಿರ ಕೊಡ್ತು, 24 ಸಾವಿರ ಟಿಡಿಎಸ್ (ದುಡ್ಡು ಕೊಡೋ ಮೊದ್ಲೇ ಹಿಡಿಯೋ ಟ್ಯಾಕ್ಸ್) ಹಿಡ್ಕೊಂಡು 56 ಕೈಗಿಟ್ರು, ಅದ್ರಲ್ಲಿ 50 ಅದೇ ರಾತ್ರಿ ರೂಲೆಟ್‌ಗೆ ಹೋಯ್ತು, ಈಗ ಉಳಿದ 6 ತೋರಿಸಿದ್ರೆ ಸಾಕಾ ಅಂತ.

ಸಾಕಾಗಲ್ಲ ಸರ್. ಪೂರ್ತಿ 80 ತೋರಿಸ್ಬೇಕು, ಕೈಗೆ ಬಂದ 56 ಕೂಡ ಅಲ್ಲ. ಸೋತಿದ್ದನ್ನ ಗೆದ್ದಿದ್ರಲ್ಲಿ ಕಳೆಯಂಗಿಲ್ಲ, ಎಂಟ್ರಿ ಫೀಸು, ಬಸ್ ಚಾರ್ಜು ಯಾವ್ದೂ ಕಳೆಯಂಗಿಲ್ಲ, 80ಸಿ (ಪಿಪಿಎಫ್, ಎಲ್‌ಐಸಿ ಥರದ್ದಕ್ಕೆ ಸಿಗೋ ವಿನಾಯ್ತಿ) ಕೂಡ ಈ ದುಡ್ಡಿಗೆ ಬರಲ್ಲ. ನಿಮ್ ಸ್ಲ್ಯಾಬ್ ಎಷ್ಟೇ ಇರ್ಲಿ, ಇನ್ಕಮ್ ಟ್ಯಾಕ್ಸ್ ಕಾಯ್ದೆಯ 115ಬಿಬಿ ಸೆಕ್ಷನ್ ಪ್ರಕಾರ ನೆಟ್ಟಗೆ 30 ಪರ್ಸೆಂಟ್, ಆ ಟ್ಯಾಕ್ಸ್ ಮೇಲೆ 4 ಪರ್ಸೆಂಟ್ ಸೆಸ್, ಒಟ್ಟು 31.2. ಗೆದ್ದಾಗ ಸರ್ಕಾರ ಪಾಲುದಾರ, ಸೋತಾಗ ಪರಿಚಯಾನೇ ಇಲ್ಲ.

ಇಲ್ಲೊಂದು ಸಣ್ಣ ವಿಷ್ಯ ಇದೆ, ಎಲ್ರೂ "ಟಿಡಿಎಸ್ ಕಟ್ ಆಯ್ತಲ್ಲ, ಮುಗೀತು" ಅಂದ್ಕೊಳ್ತಾರೆ, ಆದ್ರೆ ಕ್ಯಾಸಿನೋದವ್ರು ಹಿಡಿಯೋದು ಬರೀ 30 ಪರ್ಸೆಂಟ್, ಸೆಸ್ ಸೇರಲ್ಲ. ನಿಮ್ಗೆ ಬರೋ ಟ್ಯಾಕ್ಸ್ 24,960, ಹೋಗಿರೋದು 24,000, ಇನ್ನೂ 960 ರೂಪಾಯಿ ಬಾಕಿ. ಅದನ್ನ ಇನ್ಕಮ್ ಟ್ಯಾಕ್ಸ್ ವೆಬ್‌ಸೈಟಿನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ (ನಾವೇ ಲೆಕ್ಕ ಹಾಕಿ ಕಟ್ಟೋ ಬಾಕಿ) ಅಂತ ಕಟ್ಟಿ ಆಮೇಲೆ ಫೈಲ್ ಮಾಡಿ.

ರಿಟರ್ನ್ ಫಾರ್ಮು ಐಟಿಆರ್-1 ಆಗಲ್ಲ, ಬರೀ ಸಂಬಳದವ್ರಾದ್ರೆ ಐಟಿಆರ್-2. ಅದ್ರ ಶೆಡ್ಯೂಲ್ ಓಎಸ್‌ನಲ್ಲಿ (ಇತರೆ ಮೂಲದ ಆದಾಯ ಹಾಕೋ ಭಾಗ) ಲಾಟರಿ, ಕ್ರಾಸ್‌ವರ್ಡ್ ಗೆಲುವು ಅಂತ ಒಂದು ಸಾಲಿದೆ, 80,000 ಅಲ್ಲಿ ಹಾಕಿ, ಕೆಳಗಡೆ ವರ್ಷದ ಯಾವ ಅವಧಿಯಲ್ಲಿ ಬಂತು ಅಂತ ಕೇಳೋ ಟೇಬಲ್‌ನಲ್ಲೂ ತುಂಬಿಸಿ. ಮೊದ್ಲು 26ಎಎಸ್ (ನಿಮ್ ಹೆಸ್ರಲ್ಲಿ ಕಟ್ ಆದ ಟ್ಯಾಕ್ಸ್ ಪಟ್ಟಿ) ಓಪನ್ ಮಾಡಿ 194ಬಿ (ಇಂಥ ಗೆಲುವಿನ ಟಿಡಿಎಸ್ ಸೆಕ್ಷನ್) ಅಂತ ಎಂಟ್ರಿ ಬಂದಿದ್ಯಾ ನೋಡ್ಕೊಳ್ಳಿ, ಕ್ಯಾಸಿನೋದವ್ರ ಹತ್ರ ಫಾರ್ಮ್ 16ಎ (ಟಿಡಿಎಸ್ ಸರ್ಟಿಫಿಕೇಟು) ಕೇಳಿ ತಗೊಳ್ಳಿ.

ನಾನು ಮಾಡಿದ ಕಿತಾಪತಿ ಏನಂದ್ರೆ, ಮೂರು ವರ್ಷದ ಹಿಂದೆ ಹುಷಾರಿತನ ತೋರ್ಸಕ್ಕೆ ಹೋಗಿ ಐಟಿಆರ್-1ನಲ್ಲೇ ಟಿಡಿಎಸ್ ಕ್ರೆಡಿಟ್ ಮಾತ್ರ ತಗೊಂಡು ಗೆದ್ದ ದುಡ್ಡು ತೋರಿಸ್ಲಿಲ್ಲ, ರೀಫಂಡ್ ಬರುತ್ತೆ ಅಂತ ಕಾಯ್ತಾ ಕೂತಿದ್ರೆ ಬಂದಿದ್ದು 139(9) ಡಿಫೆಕ್ಟಿವ್ ನೋಟಿಸು (ರಿಟರ್ನ್‌ನಲ್ಲಿ ದೋಷ ಇದೆ ಅಂತ), ಸರಿ ಮಾಡಕ್ಕೆ 15 ದಿನ ಟೈಮು. ಆಫೀಸ್‌ನಲ್ಲಿ ಲಂಚ್ ಬಿಟ್ಟು ಕೂತ್ಕೊಂಡು ಐಟಿಆರ್-2 ತುಂಬಿದೆ.

ಆಮೇಲೆ ನಿಮ್ ಫ್ರೆಂಡು 9 ಸಾವಿರ ಗೆದ್ರು, ಟಿಡಿಎಸ್ ಕಟ್ ಆಗ್ಲಿಲ್ಲ, ಹಾಗಾಗಿ ತೋರಿಸ್ಬೇಕಿಲ್ಲ ಅಂತ ಬರ್ದಿದೀರಲ್ಲ, ಅದು ತಪ್ಪು. 2025 ಏಪ್ರಿಲ್ 1ರಿಂದ ಒಂದೇ ಸಲದ ಗೆಲುವು 10 ಸಾವಿರ ದಾಟಿದ್ರೆ ಮಾತ್ರ ಟಿಡಿಎಸ್ ಹಿಡೀತಾರೆ, ಆದ್ರೆ ಆ ಮಿತಿ ಇರೋದು ಹಿಡಿಯೋರಿಗೆ, ಗೆದ್ದವ್ರಿಗಲ್ಲ. ಅವ್ರೂ ಅದೇ ಸಾಲಲ್ಲಿ 9 ಸಾವಿರ ತೋರಿಸಿ ಸುಮಾರು 2,800 ಕೈಯಿಂದಲೇ ಕಟ್ಬೇಕು.